ವಾಲ್ವಿನ ಮೇಲಿನ ಕೀಲಿ

ಕಬ್ಬು ಕಟಾವು ಯಂತ್ರದ ಎಣ್ಣೆ ಪಂಪು ರಾತ್ರಿಯೆಲ್ಲ ಪಿಕಪ್ ಗಾಡಿಯ ಹಿಂಬದಿಯಲ್ಲೇ ಬಿದ್ದಿತ್ತು. ಎದ್ದು ಹೋಗುವ ವಸ್ತುವಲ್ಲ. ಇಪ್ಪತ್ತು ಕಿಲೋ ಬೀಡುಕಬ್ಬಿಣ, ಅದೂ ಸತ್ತದ್ದು. ಆದರೂ ಸಿಲ್ವಾನೊ ಬೆಳಗಿನ ಕಾಫಿಗೆ ಮುಂಚೆ ಎರಡು ಸಲ ಅಂಗಳಕ್ಕೆ ಹೋಗಿ, ಅದರ ಮೇಲೆ ಹೊದಿಸಿದ್ದ ಹಳೆ ಟವೆಲ್ಲನ್ನು ಎತ್ತಿ ನೋಡಿ, ಮತ್ತೆ ಹೊದಿಸಿ ಬಂದಿದ್ದ. ನೋಡುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಜಿಡ್ಡನ್ನು ನಿನ್ನೆಯೇ ಸೀಮೆಎಣ್ಣೆಯಲ್ಲಿ ತೊಳೆದಿದ್ದ, ಮುರಿದ ಶಾಫ್ಟಿಗೆ ಬಟ್ಟೆ ಸುತ್ತಿದ್ದ. ಮುಚ್ಚಳದ ಮೇಲೆ, ಪಂಪು ರಿಪೇರಿ ಮಾಡುವ ನೆರಿಡಾ ಕೊರೆದಿದ್ದ ಪುಟ್ಟ ಮೀನಿನ ಗುರುತು ಮಾತ್ರ ತೊಳೆದಷ್ಟೂ ಹೊಳೆಯುತ್ತಿತ್ತು. ಇದು ನನ್ನ ಕೈಯಿಂದ ರಿಪೇರಿಯಾಗಿ ಹೋದದ್ದು ಎಂದು ಹೇಳುವ ಗುರುತು ಅದು. ಅವಳ ಅಪ್ಪನೂ ಅದೇ ಮೀನನ್ನು ಕೊರೆಯುತ್ತಿದ್ದ, ಅವನ ಮೀನಿಗೆ ಬಾಲ ಸ್ವಲ್ಪ ಸೊಟ್ಟ.

ಅಡುಗೆಮನೆಯ ಕಿಟಕಿಯಿಂದ ಹೆಂಡತಿ ಒರ್ನೆಲ್ಲಾ ನೋಡುತ್ತಿದ್ದಳು. "ಹೆಣ ಕಾಯೋ ಹಾಗೆ ಕಾಯ್ತಿದೀಯಲ್ಲ ಅದನ್ನ," ಅಂದಳು. "ಯಾರಾದ್ರೂ ಕದ್ಕೊಂಡು ಹೋದ್ರೆ ಪುಣ್ಯ ಬರುತ್ತೆ ಅವರಿಗೆ."

"ಡಾರಿಲ್ ಹತ್ತು ಗಂಟೆಗೆ ನೆರಿಡಾ ಶೆಡ್ಡಿಗೆ ಬರ್ತಾನಂತೆ. ಪಂಪು ಅವನ ಮೆಷಿನ್ನಿಂದಲ್ವಾ, ಅವನ ಎದುರಿಗೇ ಬಿಚ್ಬೇಕಂತೆ."

"ಬಿಚ್ಚಲಿ ಬಿಡು. ನೀನ್ಯಾಕೆ ಬೆವರ್ತೀಯ?"

ಆಗಸ್ಟ್ ತಿಂಗಳು ಇಲ್ಲಿ ಚಳಿಗಾಲ; ಬೆಳಗಿನ ತಣ್ಣಗಿನ ಗಾಳಿ, ಬೆವರುವ ಹವೆಯೇ ಅಲ್ಲ. ಆದರೂ ಸಿಲ್ವಾನೊ ಹಣೆ ಒರೆಸಿಕೊಂಡ. ಕೈ ಒಣಗಿಯೇ ಇತ್ತು. ಅವಳು ಸುಮ್ಮನೆ ಅಂದದ್ದು, ಇವನು ಹೆಗಲು ಮುಟ್ಟಿಕೊಂಡದ್ದು. ಕುಂಬಳಕಾಯಿ ಕಳ್ಳನ ಕಥೆಗೆ ಊರು ಯಾವುದಾದರೇನು. ಅವಳು ಅದನ್ನು ನೋಡಿಯೂ ನೋಡದವಳಂತೆ ಬ್ರೆಡ್ಡು ಕುಯ್ಯುತ್ತ ನಿಂತಳು. ಕದ್ದುಕೊಂಡು ಹೋದರೆ ಎಂಬ ಮಾತು ಅವನ ತಲೆಯೊಳಗೆ ಹೊಕ್ಕು ಕೂತುಬಿಟ್ಟಿತ್ತು. ನೆರಿಡಾಳ ಶೆಡ್ಡಿರುವ ಹ್ಯಾಲಿಫ್ಯಾಕ್ಸಿಗೆ ಹೋಗುವ ದಾರಿಯಲ್ಲಿ ನದಿಯ ಸೇತುವೆ ಇದೆ. ಗಾಡಿ ನಿಲ್ಲಿಸಿ, ಟವೆಲ್ಲಿನ ಸಮೇತ ಎತ್ತಿ ನೀರಿಗೆ ಎಸೆದರೆ ಮೊಸಳೆಗಳನ್ನು ಬಿಟ್ಟು ಯಾರೂ ಸಾಕ್ಷಿ ಇರುವುದಿಲ್ಲ. ಗಾಡಿಯಿಂದ ಬಿದ್ದು ಹೋಯಿತು ಎಂದರೆ ಆಯಿತು. ಅರವತ್ತೊಂದು ವರ್ಷದ ಗಂಡಸು, ಮೂವತ್ತನಾಲ್ಕು ವರ್ಷ ಕಬ್ಬಿನ ಗದ್ದೆಗಳಲ್ಲಿ ಯಂತ್ರ ರಿಪೇರಿ ಮಾಡಿದವನು, ಅಡುಗೆಮನೆಯಲ್ಲಿ ನಿಂತು ಇಂಥ ಲೆಕ್ಕಾಚಾರ ಮಾಡುತ್ತಿದ್ದಾನೆ ಎಂದು ಅವನಿಗೇ ಹೇಸಿಗೆಯಾಯಿತು. ಕಾಫಿ ತಣ್ಣಗಾಗಿತ್ತು, ಹಾಗೇ ಕುಡಿದ.

ಸೆಲ್ವಿನ್ ಇದ್ದಿದ್ದರೆ ಬಿಚ್ಚುವ ಮಾತೇ ಬರುತ್ತಿರಲಿಲ್ಲ, ಹೊರಗಿಂದ ತಿರುಗಿಸಿ ನೋಡಿಯೇ ಹೇಳಿಬಿಡುತ್ತಿದ್ದ. ನೆರಿಡಾಳ ಅಪ್ಪ. ಸಮುದ್ರದಾಚೆಯ ದ್ವೀಪದವರ ಪೈಕಿ; ಅವನ ಮುತ್ತಜ್ಜನನ್ನು ಹಡಗಿನಲ್ಲಿ ತುಂಬಿಕೊಂಡು ಬಂದು ಇದೇ ಕಬ್ಬಿನ ಗದ್ದೆಗಳಿಗೆ ಕೂಲಿಗೆ ಇಳಿಸಿದ್ದರಂತೆ. ಆ ಕಥೆಯನ್ನು ಅವನು ಹೇಳುತ್ತಿದ್ದದ್ದು ಕಡಿಮೆ, ಹೇಳುತ್ತಿದ್ದದ್ದೆಲ್ಲ ಪಂಪಿನ ಕಥೆ. "ಇದರ ಹೊಟ್ಟೇಲಿ ಇರೋದು ಎರಡೇ ಚಕ್ರ ಕಣೋ. ಒಂದರ ಹಲ್ಲು ಇನ್ನೊಂದರ ಸಂದಿಗೆ. ತಿರುಗ್ತಾ ಎಣ್ಣೆ ತಳ್ತವೆ, ಆ ಎಣ್ಣೆ ಹೋಗಿ ಕತ್ತಿ ತಿರುಗಿಸುತ್ತೆ, ಕಬ್ಬು ಒಳಗೆಳೆಯುತ್ತೆ, ಇಷ್ಟು ದೊಡ್ಡ ರಾಕ್ಷಸನ್ನ ಕುಣಿಸುತ್ತೆ. ಎಣ್ಣೆನೇ ಇದಕ್ಕೆ ಅನ್ನ, ಎಣ್ಣೆನೇ ಹಾಸಿಗೆ. ಎಣ್ಣೆ ಇಲ್ದೆ ಒಂದು ನಿಮಿಷ ತಿರುಗಿಸಿ ನೋಡು, ತನ್ನ ಮೈ ತಾನೇ ತಿಂದ್ಕೊಳ್ಳುತ್ತೆ." ಪಂಪು ಬಿಚ್ಚುವಾಗ ಟ್ಯಾಂಕಿನ ಎಣ್ಣೆಯೆಲ್ಲ ನೆಲದ ಪಾಲಾಗದಂತೆ ಬುಡದ ವಾಲ್ವನ್ನು ಮುಚ್ಚಬೇಕು, ಹೊಸದನ್ನು ಕೂರಿಸಿದ ಮೇಲೆ ತೆರೆಯಬೇಕು. ಅಷ್ಟೇ. ಚಿಕ್ಕ ಮಕ್ಕಳಿಗೂ ತಿಳಿಯುವ ವಿಷಯ, ಮತ್ತು ನಮ್ಮ ಹರ್ಬರ್ಟ್ ನದಿಯ ಬಯಲಿನಲ್ಲಿ ವರ್ಷಕ್ಕೊಬ್ಬ ಜಾಣ ತಪ್ಪದೆ ಮರೆಯುವ ವಿಷಯ. ಅದಕ್ಕೇ ಸೆಲ್ವಿನ್ ಒಂದು ಕಟ್ಟಳೆ ಮಾಡಿದ್ದ. ವಾಲ್ವ್ ಮುಚ್ಚಿದ ಕೈಯೇ ಎಂಜಿನ್ನಿನ ಕೀಲಿಯನ್ನು ತಂದು ವಾಲ್ವಿನ ಹಿಡಿಗೆ ನೇತುಹಾಕಬೇಕು. ಯಂತ್ರ ಶುರುಮಾಡುವವನು ಕೀಲಿಗಾಗಿ ಅಲ್ಲಿಗೇ ಬರಬೇಕು, ಹಿಡಿ ತಿರುಗಿಸಿ ವಾಲ್ವ್ ತೆರೆದೇ ಕೀಲಿ ತೆಗೆಯಬೇಕು. "ಕೀ ಕೈಲಿದೆ ಅಂದ್ರೆ ವಾಲ್ ತೆಗ್ದಿದೆ ಅಂತ ಅರ್ಥ. ತಲೆ ಮರೆಯುತ್ತೆ, ಕೈ ಮರೆಯಲ್ಲ." ಬಯಲಿನ ತುಂಬ ಈ ಪದ್ಧತಿ ಹರಡಿತು, ಹರಡಿದವನು ಸಿಲ್ವಾನೊನೇ. ಎರಡು ವರ್ಷದ ಹಿಂದೆ ಸೆಲ್ವಿನ್ ಸತ್ತಾಗ ಶವಪೆಟ್ಟಿಗೆಯ ಹಿಡಿಗೆ ಹಳೆಯ ಕೀಲಿಯೊಂದನ್ನು ನೇತುಹಾಕಿ, ಇಗರ್ಜಿಯಲ್ಲಿ ಎದ್ದು ನಿಂತು ಆ ಕಥೆ ಹೇಳಿ, ಜನರನ್ನು ನಗಿಸಿ ಅಳಿಸಿದವನೂ ಅವನೇ. ಅಪ್ಪನ ಶೆಡ್ಡನ್ನು ಹೆಣ್ಣುಮಗಳು ನಡೆಸುತ್ತಾಳಾ ಎಂದು ಮೂಗು ಮುರಿದವರಿಗೆ, ಸೆಲ್ವಿನ್ನನ ಕೈ ಅವಳ ಕೈಯಲ್ಲಿದೆ, ನನ್ನ ಮಾತು ನಂಬಿ ಎಂದವನೂ ಅವನೇ. ಡಾರಿಲ್‌ನ ಕಟಾವಿನ ಗುಂಪಿನ ಹನ್ನೊಂದು ಹೊಲಗಳ ಪಂಪುಗಳೆಲ್ಲ ಅವಳ ಶೆಡ್ಡಿಗೆ ಬರತೊಡಗಿದ್ದು ಆ ಮಾತಿನಿಂದ.

ಮೊನ್ನೆ ಸೋಮವಾರ ಗದ್ದೆಯಲ್ಲಿ ಡಾರಿಲ್ ನಕ್ಕದ್ದಾದರೂ ಎಷ್ಟು ಹೊತ್ತು. ಎರಡು ಗಳಿಗೆ ಇರಲಿಕ್ಕಿಲ್ಲ. ಕಟಾವು ಯಂತ್ರ ಗದ್ದೆಯ ಅಂಚಿನಲ್ಲಿ ನಿಂತಿತ್ತು, ಸಿಲ್ವಾನೊ ಹಳೆ ಪಂಪು ಇಳಿಸುವುದಕ್ಕೆ ಮುಂಚೆ ವಾಲ್ವ್ ಮುಚ್ಚಿ, ಕೀಲಿ ತಂದು ಹಿಡಿಗೆ ಸಿಕ್ಕಿಸಿದ್ದ. ಕಬ್ಬು ಸಾಗಿಸುವ ಟ್ರ್ಯಾಕ್ಟರಿನ ಚಾಲಕರಿಬ್ಬರು ನೆರಳಿನಲ್ಲಿ ಕೂತು ಮಾಂಸ ತುಂಬಿದ ಪೈ ತಿನ್ನುತ್ತಿದ್ದರು. ಕಾಂಟ್ರಾಕ್ಟರ್ ಡಾರಿಲ್, ನಲವತ್ತು ದಾಟದವನು, ಅಪ್ಪನಿಂದ ಬಂದ ಕಟಾವಿನ ಗುತ್ತಿಗೆಯನ್ನು ಫೋನಿನಲ್ಲೇ ನಡೆಸುವವನು, ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿದ. "ಇದೇನ್ ಸಿಲ್, ಮೇರಿ ಮಾತೆಗೆ ಹರಕೆನಾ? ಪಕ್ಕದಲ್ಲಿ ಒಂದು ಮೇಣದಬತ್ತಿನೂ ಹಚ್ಚಿಬಿಡು." ಚಾಲಕರಲ್ಲಿ ಒಬ್ಬನ ಬಾಯಿಂದ ಪೈ ಹೊರಗೆ ಹಾರಿತು, ಅಷ್ಟು ನಗು. ಸಿಲ್ವಾನೊ ಏನಾದರೂ ಹೇಳಬಹುದಿತ್ತು. ಹೇಳುವುದಕ್ಕೆ ಬೇಕಾದಷ್ಟಿತ್ತು. ಹೇಳದೆ, ಇವರ ಕಣ್ಣಿಗೆ ನಾನು ಹರಕೆ ಕಟ್ಟುವ ಮುದಿಗೂಬೆ ಅಲ್ಲ ಎಂದು ತೋರಿಸುವವನಂತೆ, ಕೀಲಿಯನ್ನು ಹಿಡಿಯಿಂದ ತೆಗೆದು ಪ್ಯಾಂಟಿನ ಜೇಬಿಗೆ ಹಾಕಿಕೊಂಡ. "ಸಮಾಧಾನ ಆಯ್ತಾ?" ಅಂದ. ಅವನ ಸ್ವರದಲ್ಲಿ ನಗು ಇತ್ತು. ಅದನ್ನು ನೆನೆದರೆ ಈಗ ಕಿವಿ ಸುಡುತ್ತದೆ. ಬೈದಿದ್ದರೆ ಬೇರೆ, ಅವನು ಅವರ ಜೊತೆ ಸೇರಿ ನಕ್ಕಿದ್ದ.

ಆಮೇಲೆ ಒಂದೂವರೆ ಗಂಟೆ ಕೆಲಸ. ನೆರಿಡಾ ರಿಪೇರಿ ಮಾಡಿ ಕಳಿಸಿದ್ದ ಪಂಪನ್ನು ಕೂರಿಸಿದ, ಬೋಲ್ಟು ಬಿಗಿದ, ಪೈಪು ಸಿಕ್ಕಿಸಿದ, ಅವಳು ಕಲಿಸಿದಂತೆ, ಅಲ್ಲ, ಅವಳ ಅಪ್ಪ ಕಲಿಸಿದಂತೆ ಒಳಗೊಂದು ಲೋಟ ಎಣ್ಣೆ ಹುಯ್ದ. ಡಾರಿಲ್ ದೂರದಲ್ಲಿ ಫೋನಿಗೆ ಕೂಗುತ್ತಿದ್ದ, ರೈಲು ಬರುತ್ತೆ, ವ್ಯಾಗನ್ ಖಾಲಿ ಇವೆ, ಬೇಗ ಬೇಗ. ಸಿಲ್ವಾನೊ ಕ್ಯಾಬಿನ್ ಹತ್ತಿದ, ಜೇಬಿಗೆ ಕೈ ಹಾಕಿದ. ಕೀಲಿ ಕೈಗೆ ಬಂತು. ಕೀಲಿ ಕೈಗೆ ಬಂದದ್ದೇ ಸಾಕಾಯಿತು. ಮೂವತ್ತನಾಲ್ಕು ವರ್ಷ ಅವನ ಕೈಗೆ ಕೀಲಿ ಬಂದದ್ದು ವಾಲ್ವ್ ತೆರೆದ ಮೇಲೆ ಮಾತ್ರ; ಕೈಗೆ ಯಾವ ಅನುಮಾನವೂ ಬರಲಿಲ್ಲ. ಎಂಜಿನ್ ಎದ್ದಿತು, ಅದರ ಹಿಂದೆಯೇ ಪಂಪಿನಿಂದ ಜಲ್ಲಿಕಲ್ಲನ್ನು ಡಬ್ಬಿಗೆ ಹಾಕಿ ಅಲ್ಲಾಡಿಸಿದಂಥ ಸದ್ದು. ಗೊತ್ತಾಗಲಿಲ್ಲ ಎನ್ನುವ ಹಾಗಿಲ್ಲ. ಮೊದಲನೆಯ ಕ್ಷಣದಲ್ಲೇ ಗೊತ್ತಾಯಿತು, ಆದರೆ ಕೈ ಕೀಲಿಯ ಮೇಲೇ ಮರಗಟ್ಟಿ ನಿಂತಿತು, ನಾನು ಮರೆತಿರುವುದು ಸಾಧ್ಯವೇ ಇಲ್ಲ ಎಂದು ಅದು ವಾದಿಸುತ್ತಿದ್ದ ಹಾಗೆ. ಒಂದು ನಿಮಿಷಕ್ಕಿಂತ ಹೆಚ್ಚೇ ಆಗಿರಬೇಕು. ಆರಿಸಿ, ಇಳಿದು, ಯಂತ್ರದ ಹಿಂದೆ ಸುತ್ತಿ ಹೋಗಿ, ವಾಲ್ವ್ ತೆರೆದು, ಮತ್ತೆ ಹತ್ತಿ ಶುರುಮಾಡಿದ. ಸದ್ದು ಸರಿಯಾಗಿತ್ತು. ಸರಿ ಎಂದರೆ ಸರಿ. ಕೇಳುವ ಕಿವಿಗೆ ಎಲ್ಲೋ ಒಂದು ಸಣ್ಣ ಸಿಳ್ಳು. ಡಾರಿಲ್ ಫೋನು ಮುಗಿಸಿ ಬಂದು ಹೆಬ್ಬೆರಳು ತೋರಿಸಿದ. ಸಿಲ್ವಾನೊನೂ ಹೆಬ್ಬೆರಳು ತೋರಿಸಿದ.

ಶೆಡ್ಡಿಗೆ ಹೋಗುವ ದಾರಿಯಲ್ಲಿ ರೈಲು ಹಳಿಯ ಬಳಿ ಗಾಡಿ ನಿಲ್ಲಿಸಬೇಕಾಯಿತು. ಕೆಂಪು ದೀಪ ಮಿನುಗುತ್ತಿತ್ತು, ಕಬ್ಬಿನ ಪುಟ್ಟ ರೈಲು ಕಾರ್ಖಾನೆಯ ಕಡೆಗೆ ನಿಧಾನವಾಗಿ ಹೋಗುತ್ತಿತ್ತು, ತುಂಬಿದ ವ್ಯಾಗನ್ನುಗಳಿಂದ ಕಬ್ಬಿನ ತುಂಡುಗಳು ಆಗೊಂದು ಈಗೊಂದು ಉದುರುತ್ತಿದ್ದವು. ಬುಧವಾರ ಇದೇ ರೈಲು ಡಾರಿಲ್‌ನ ಗುಂಪಿನ ಖಾಲಿ ವ್ಯಾಗನ್ನುಗಳನ್ನು ಎಳೆದುಕೊಂಡು ಹೋಗಿತ್ತು. ಪಂಪು ಗದ್ದೆಯ ನಡುಮಧ್ಯೆ ಬಿಗಿದು ನಿಂತು, ಶಾಫ್ಟು ತುಂಡಾಗಿ, ಲೋಹದ ಪುಡಿಯೆಲ್ಲ ಎಣ್ಣೆಯಲ್ಲಿ ಹರಡಿತ್ತು. ಹನ್ನೊಂದು ಹೊಲದವರ ಒಂದು ದಿನದ ಪಾಳಿ ಹೋಯಿತು. ಡಾರಿಲ್ ಟೋಪಿ ತೆಗೆದು ನೆಲಕ್ಕೆ ಎಸೆದು, "ಆ ಹೆಂಗಸಿನ ಕೆಲ್ಸ ಇದು. ಅವರ ಜನಾನೇ ಹಂಗೆ, ನಾಳೆ ನೋಡಣ ಅನ್ನೋ ಪೈಕಿ," ಅಂದ. ಆಮೇಲೆ ಸಿಲ್ವಾನೊ ಕಡೆ ತಿರುಗಿದ. "ನೀನೇನಂತೀಯ ಸಿಲ್?"

ಆಗಲೂ ಹೇಳಬಹುದಿತ್ತು. ಬಾಯಿ ತೆರೆದದ್ದು ಹೇಳುವುದಕ್ಕೇ ಎಂದು ಅವನು ಈ ಎರಡು ದಿನದಲ್ಲಿ ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಿದ್ದಾನೆ. ಆದರೆ ಬಾಯಿ ತೆರೆಯುವಷ್ಟರಲ್ಲಿ ಹೋದ ವರ್ಷ ಎಂಜಿನ್ ಗೂಡಿನಲ್ಲಿ ಮರೆತುಬಿಟ್ಟ ಸ್ಪ್ಯಾನರ್ ನೆನಪಾಯಿತು, ಅದನ್ನು ಡಾರಿಲ್ ನಾಲ್ಕು ಜನರ ಮುಂದೆ ಎತ್ತಿ ತೋರಿಸಿದ್ದು ನೆನಪಾಯಿತು, ಟೌನ್ಸ್‌ವಿಲ್‌ನಿಂದ ಕಂಪ್ಯೂಟರ್ ಹಿಡಿದುಕೊಂಡು ಬರುವ ಮೆಕ್ಯಾನಿಕ್ಕಿನ ಬಿಳಿ ಅಂಗಿ ನೆನಪಾಯಿತು. ಇನ್ನೊಂದು ಮರೆವು ಎಂದರೆ ಮುಗಿಯಿತು, ಬಯಲಿನಲ್ಲಿ ಇನ್ಯಾರೂ ಸಿಲ್‌ಗೆ ಫೋನ್ ಮಾಡು ಎನ್ನುವುದಿಲ್ಲ. "ಹೇಳಕ್ಕಾಗಲ್ಲ," ಅಂದ. "ಹಳೇ ಬುಶ್‌ನೇ ವಾಪಸ್ ಹಾಕಿರಬಹುದು." ಚಕ್ರದ ಶಾಫ್ಟು ಕೂತು ತಿರುಗುವ ಬಳೆ ಅದು, ರಿಪೇರಿಯಲ್ಲಿ ಹೊಸದು ಹಾಕಲೇಬೇಕಾದದ್ದು. ಹಾಕಿದ್ದಾಳೆ ಅನ್ನಲಿಲ್ಲ, ಹಾಕಿರಬಹುದು ಅಂದ. ಮಾತು ಆಡಿದರೆ ಹೋಯಿತು. ಡಾರಿಲ್‌ಗೆ ಅಷ್ಟು ಸಾಕಿತ್ತು. ಸಂಜೆಯೊಳಗೆ ಹನ್ನೊಂದು ಮನೆಗೂ ತಲುಪಿತು, ಸಿಲ್‌ನೇ ಹೇಳ್ತಿದಾನೆ, ಅವಳು ಹಳೇ ಬುಶ್ ಹಾಕಿದಾಳೆ. ಪಂಪು ಬಿಚ್ಚಿ ನೋಡಿ, ನಿಜವಾಗಿದ್ದರೆ ಇನ್ನು ಮೇಲೆ ಅವಳ ಶೆಡ್ಡಿಗೆ ಒಂದು ಪಂಪೂ ಕಳಿಸುವುದು ಬೇಡ ಎಂದು ಗುಂಪಿನವರು ಮಾತಾಡಿಕೊಂಡರು. ಗುಂಪಿನ ಪಂಪು ತೆಗೆದರೆ ಆ ಶೆಡ್ಡಿನಲ್ಲಿ ಉಳಿಯುವುದು ಹುಲ್ಲು ಕತ್ತರಿಸುವ ಯಂತ್ರಗಳು ಮಾತ್ರ. ರೈಲು ದಾಟಿ ಹೋಯಿತು. ಹಿಂದಿನ ಗಾಡಿಯವನು ಹಾರ್ನ್ ಹೊಡೆದ ಮೇಲೆ ಸಿಲ್ವಾನೊಗೆ ದೀಪ ಆರಿದ್ದು ಕಂಡಿತು.

ಸೇತುವೆಯ ಮೇಲೆ ಗಾಡಿಯ ವೇಗ ತಾನಾಗಿ ಇಳಿಯಿತು. ನದಿ ಕೆಳಗೆ ಕಂದು ಬಣ್ಣಕ್ಕೆ, ಅಲುಗಾಡದೆ ಇತ್ತು. ದಾಟಿದ.

ನೆರಿಡಾ ಶೆಡ್ಡಿನ ಬಾಗಿಲಲ್ಲೇ ನಿಂತಿದ್ದಳು. ನಲವತ್ತಾರರ ಗಟ್ಟಿ ಹೆಂಗಸು, ಅಪ್ಪನ ಹಾಗೇ ಅಗಲ ಹೆಗಲು, ನೀಲಿ ಮೇಲಂಗಿಯ ತೋಳು ಮಡಚಿತ್ತು. "ಬನ್ನಿ ಅಂಕಲ್," ಅಂದಳು, ಪಂಪನ್ನು ಅವನ ಕೈಗೆ ಬಿಡದೆ ತಾನೇ ಎತ್ತಿಕೊಂಡಳು. "ಬೆನ್ನು ಹೇಗಿದೆ? ಆಂಟಿ ಹೇಗಿದಾರೆ? ಹೋದ ಭಾನುವಾರ ಇಗರ್ಜೀಲಿ ಸಿಗಲಿಲ್ಲ." ಬೈಯುತ್ತಾಳೆ ಎಂದುಕೊಂಡಿದ್ದ. ಮುಖ ತಿರುಗಿಸುತ್ತಾಳೆ, ನೀವೂ ಹೀಗಂದ್ರಾ ಅಂಕಲ್ ಎಂದು ಕೇಳುತ್ತಾಳೆ ಎಂದು ದಾರಿಯುದ್ದಕ್ಕೂ ಉತ್ತರ ಕೂಡಿಸಿಕೊಂಡು ಬಂದಿದ್ದ. ಅವಳು ಕುರ್ಚಿ ಎಳೆದು ಹಾಕಿ, ಕೂತ್ಕೊಳ್ಳಿ ಅಂದಳು. ಆ ಮಾತು ಅವಳ ಕಿವಿಗೆ ಬಿದ್ದಿಲ್ಲವೋ, ಬಿದ್ದೂ ನಂಬಲಿಲ್ಲವೋ ತಿಳಿಯಲಿಲ್ಲ. ಅವನು ಕೂರಲಿಲ್ಲ. ಕೆಲಸದ ಮೇಜಿನ ಮೇಲೆ ಹೊಸ ಬಟ್ಟೆ ಹಾಸಿತ್ತು, ಅದರ ಮೇಲೆ ಹೊಳೆಯುವ ಹೊಸ ಮೈಕ್ರೋಮೀಟರ್, ಇನ್ನೂ ಪೆಟ್ಟಿಗೆಯಲ್ಲೇ ಇತ್ತು. ಸೆಲ್ವಿನ್‌ನ ಹಳೆಯದು, ಅವನ ಹೆಬ್ಬೆರಳಿನಿಂದ ಸವೆದು ನುಣುಪಾದದ್ದು, ಕಿಟಕಿಯ ಅಂಚಿನಲ್ಲಿ ತುಕ್ಕು ಮೊಳೆಗಳ ಜೊತೆ ಬಿದ್ದಿತ್ತು.

"ಅಪ್ಪಂದು ಅಲ್ಯಾಕಿದೆ?" ಅಂದ.

"ಅದು ಸವೆದಿರಬೇಕು ಅನ್ಸುತ್ತೆ ಅಂಕಲ್. ಅದ್ರಲ್ಲೇ ಅಲ್ವಾ ನಾನು ಈ ಪಂಪು ಅಳೆದಿದ್ದು. ಪಂಪು ಮುರೀತು ಅಂತ ಗೊತ್ತಾದ ದಿನವೇ ಹೊಸದಕ್ಕೆ ಹೇಳಿದೆ." ಅವಳು ನಗುವುದಕ್ಕೆ ನೋಡಿದಳು. "ಮೂವತ್ತು ವರ್ಷ ಅಪ್ಪಂಗೆ ಸುಳ್ಳು ಹೇಳದೆ ಇದ್ದಿದ್ದು ನಂಗೆ ಹೇಳ್ತು."

ಡಾರಿಲ್ ಬಂದಾಗ ಹತ್ತು ದಾಟಿತ್ತು. ನಮಸ್ಕಾರವಿಲ್ಲ, ಏನಿಲ್ಲ. "ಬಿಚ್ಚು, ನೋಡಣ," ಅಂದ. ನೆರಿಡಾ ಅವಸರ ಮಾಡಲಿಲ್ಲ. ಮೊದಲು ಕಪಾಟಿನಿಂದ ಒಂದು ಹಾಲಿನ ಪುಡಿ ಡಬ್ಬಿ ತೆಗೆದಳು, ಮೇಲೆ ತಾರೀಕು ಬರೆದ ಚೀಟಿ ಅಂಟಿಸಿತ್ತು. ಒಳಗಿದ್ದ ನಾಲ್ಕು ಹಳೆ ಬುಶ್‌ಗಳನ್ನು ಬಟ್ಟೆಯ ಮೇಲೆ ಇಟ್ಟಳು. "ಇವು ನಿಮ್ಮ ಪಂಪಿಂದ ತೆಗೆದವು. ನಾನು ಯಾರ ಹಳೇ ಬುಶ್‌ನೂ ಬಿಸಾಕಲ್ಲ, ವರ್ಷ ಇಟ್ಕೊಂಡಿರ್ತೀನಿ. ಹಾಗಾಗಿ ಒಳಗಿರೋದು ಹೊಸದು." ಅವಳು ಸಿಲ್ವಾನೊ ಕಡೆ ನೋಡಲಿಲ್ಲ. ಬೇಕೆಂದೇ ನೋಡಲಿಲ್ಲ. ಬಿದ್ದಿತ್ತು ಹಾಗಾದರೆ, ಕಿವಿಗೆ ಆ ಮಾತು. ಅವನು ಮೇಜಿನಿಂದ ಹಿಂದಕ್ಕೆ ಸರಿದ.

ಬೋಲ್ಟುಗಳು ಒಂದೊಂದೇ ಬಂದವು. ಮುಚ್ಚಳ ಸಡಿಲವಾಗಿ, ಒಳಗಿಂದ ಸುಟ್ಟ ಎಣ್ಣೆಯ ವಾಸನೆ ಎದ್ದಿತು. ಎರಡು ಚಕ್ರಗಳನ್ನು ಹೊರತೆಗೆದಳು, ಬುಶ್‌ಗಳನ್ನು ತೆಗೆದಳು, ಬಟ್ಟೆಯ ಮೇಲೆ ಸಾಲಾಗಿ ಇಟ್ಟು ದೀಪ ಎಳೆದಳು. ಸಿಲ್ವಾನೊ ಎರಡು ಹೆಜ್ಜೆ ದೂರದಲ್ಲಿ ನಿಂತೇ ಕಂಡ. ಬುಶ್‌ನ ಮುಖ ನೀಲಿಗೆ ತಿರುಗಿತ್ತು, ಹಿತ್ತಾಳೆ ಬಣ್ಣದ ಲೋಹ ಕರಗಿ ಉಜ್ಜಿಹೋಗಿ ಚಕ್ರದ ಪಕ್ಕಕ್ಕೆ ಮೆತ್ತಿಕೊಂಡಿತ್ತು. ಕೊಳೆ ಎಣ್ಣೆಯಿಂದ ಹೋದ ಪಂಪಿಗೆ ಗೀರು ಬೀಳುತ್ತದೆ, ಇಲ್ಲಿ ಗೀರು ಕಡಿಮೆ. ಇದು ಹಸಿದು ತಿರುಗಿದ ಪಂಪು. ಅವನಿಗೆ ಓದಲು ಬಂದದ್ದು ಅವಳಿಗೆ ಬರದೆ ಇರುತ್ತದೆಯೇ. ಅವಳು ಶಾಫ್ಟಿನ ಸೀಲ್ ಅನ್ನು ಉಗುರಿನಿಂದ ಕೆರೆದಳು. ರಬ್ಬರು ಒಣ ರೊಟ್ಟಿಯ ಹಾಗೆ ಚೂರಾಗಿ ಉದುರಿತು. ಬಹಳ ಹೊತ್ತು ಅದನ್ನೇ ನೋಡಿದಳು.

"ಏನಂತೆ?" ಅಂದ ಡಾರಿಲ್.

"ಸೀಲ್ ಸುಟ್ಟಿದೆ. ಬುಶ್ ಸುಟ್ಟಿದೆ. ನೋಡಿದ್ರೆ ಎಣ್ಣೆ ಇಲ್ದೆ ಓಡಿದ ಹಾಗಿದೆ."

ಸಿಲ್ವಾನೊ ಕಣ್ಣು ಮುಚ್ಚಿದ. ಬಂತು, ಮುಗಿಯಿತು ಅನಿಸಿತು. ಆ ಅನಿಸಿಕೆಯ ಹಿಂದೆಯೇ ಒಂದು ಥರದ ನಿರಾಳ. ಕೇಳಲಿ. ಕೇಳಿದರೆ ಹೇಳುತ್ತೇನೆ. ಕೇಳಿದರೆ ಸುಳ್ಳು ಹೇಳುವಷ್ಟು ಕೆಟ್ಟವನಲ್ಲ ನಾನು.

ಅವಳು ಕೇಳಲಿಲ್ಲ. ಬುಶ್ ಒಂದನ್ನು ಹೊಸ ಮೈಕ್ರೋಮೀಟರಿನ ನಡುವೆ ಹಿಡಿದು ತಿರುಗಿಸಿ, ಓದಿ, ಕೆಳಗಿಟ್ಟಳು. "ಆದ್ರೆ ಎಣ್ಣೆ ಇಲ್ದೆ ಓಡಿರಕ್ಕೆ ಸಾಧ್ಯ ಇಲ್ಲ," ಅಂದಳು ಡಾರಿಲ್‌ಗೆ. "ಕೂರಿಸಿದ್ದು ಸಿಲ್ ಅಂಕಲ್. ಬೇರೆ ಯಾರಾದ್ರೂ ಆಗಿದ್ರೆ ವಾಲ್ ತೆಗೆದ್ಯಾ ಅಂತ ಕೇಳ್ತಿದ್ದೆ. ಇವರನ್ನ ಹಂಗೆಲ್ಲ ಕೇಳೋದುಂಟಾ. ನಮ್ಮಪ್ಪ ಕೊನೇ ತಿಂಗಳು ಹಾಸಿಗೇಲಿದ್ದಾಗ ಹೇಳೋರು, ಬಯಲಲ್ಲಿ ನನ್ ಕೀ ಕಟ್ಟಳೆ ತಪ್ಪದೋನು ಸಿಲ್ ಒಬ್ನೇ ಅಂತ." ಅವಳು ಕೈ ಒರೆಸಿಕೊಂಡಳು. "ಚಕ್ರಕ್ಕೂ ಬುಶ್ಶಿಗೂ ನಡುವೆ ಸಂದು ಸಾಲದೆ ಹೋದ್ರೂ ಹೀಗೇ ಸುಡುತ್ತೆ. ನಾನು ಬಿಗಿಯಾಗಿ ಬಿಟ್ಟಿರಬೇಕು. ಅಳತೆ ತಪ್ಪಿದೆ. ತಪ್ಪು ನಂದು. ನಿಮ್ಮ ಗುಂಪಿನೋರಿಗೆ ಹಾಗೇ ಹೇಳಿ."

"ನಂಗೂ ಅದೇ ಬೇಕಾಗಿದ್ದು," ಅಂದ ಡಾರಿಲ್. "ಸೋಮವಾರದಿಂದ ಪಂಪೆಲ್ಲ ಟೌನ್ಸ್‌ವಿಲ್‌ಗೆ ಹೋಗ್ತವೆ. ಬೇಜಾರ್ ಮಾಡ್ಕೋಬೇಡ." ಜೇಬಿನಿಂದ ಫೋನ್ ತೆಗೆದ.

ಅವಳು ತಲೆಯಾಡಿಸಿದಳು. ಬಟ್ಟೆಯ ಮೇಲಿದ್ದ ಹಳೆ ಬುಶ್‌ಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕತೊಡಗಿದಳು, ಇನ್ನು ಅವುಗಳ ಅಗತ್ಯವಿಲ್ಲ ಎಂದು ಗೊತ್ತಿದ್ದರೂ. ಸಿಲ್ವಾನೊ ಅವಳ ಕೈಗಳನ್ನು ನೋಡುತ್ತಿದ್ದ. ಅವಳು ಕೇಳಿದರೆ ಹೇಳುತ್ತೇನೆ ಎಂದು ಕಾದಿದ್ದ, ಅವಳು ಕೇಳುವುದೇ ಇಲ್ಲವಲ್ಲ. ಕಣ್ಣಿಗೆ ಕಂಡದ್ದನ್ನು ಪಕ್ಕಕ್ಕಿಟ್ಟು ನನ್ನನ್ನು ನಂಬಿದಳಲ್ಲ. ತನ್ನ ಕೈಯನ್ನು ಅನುಮಾನಿಸಿದಳು, ಸತ್ತ ಅಪ್ಪನ ಮೈಕ್ರೋಮೀಟರನ್ನು ಅನುಮಾನಿಸಿ ತುಕ್ಕು ಮೊಳೆಗಳ ಜೊತೆ ಎಸೆದಳು, ನನ್ನನ್ನು ಮಾತ್ರ ಅನುಮಾನಿಸಲಿಲ್ಲ. ಇನ್ನೊಂದು ನಿಮಿಷ ಸುಮ್ಮನಿದ್ದರೆ ಎಲ್ಲ ಮುಗಿಯುತ್ತದೆ, ಡಾರಿಲ್ ಹೋಗುತ್ತಾನೆ, ಸಂಜೆ ಒರ್ನೆಲ್ಲಾ ಮೀನು ಹುರಿಯುತ್ತಾಳೆ, ಬಯಲಿನಲ್ಲಿ ಸಿಲ್‌ಗೆ ಫೋನ್ ಮಾಡು ಎನ್ನುತ್ತಾರೆ. ಆ ನಿಮಿಷ ಎಷ್ಟು ಉದ್ದ ಎಂದು ಅವನಿಗೆ ಗೊತ್ತಿತ್ತು. ಸೋಮವಾರ ಕ್ಯಾಬಿನ್ನಿನಲ್ಲಿ ಕೂತು ಅಷ್ಟೇ ಉದ್ದದ ಒಂದು ನಿಮಿಷ ಕೈ ಅಲ್ಲಾಡಿಸದೆ ಇದ್ದವನು ಅವನು.

"ವಾಲ್ ಮುಚ್ಚಿತ್ತು," ಅಂದ.

ಅವಳ ಕೈಯಲ್ಲಿದ್ದ ಬುಶ್ ಡಬ್ಬಿಯ ಬಾಯಲ್ಲೇ ನಿಂತಿತು. ಡಾರಿಲ್ ಫೋನಿನಿಂದ ತಲೆಯೆತ್ತಿದ. "ಏನಂದೆ?"

"ವಾಲ್ ಮುಚ್ಚಿತ್ತು ಅಂದೆ. ಕೀ ನನ್ನ ಜೇಬಲ್ಲಿತ್ತು. ಒಂದು ನಿಮಿಷದ ಮೇಲೇ ಓಡಿಸಿದೆ. ಆಮೇಲೆ ಇಳಿದು ತೆಗೆದೆ. ಪಂಪು ಸರಿಯಾಗೇ ಇತ್ತು. ನಾನು ಸುಟ್ಟೆ."

ನೀನು ನಕ್ಕೆಯಲ್ಲ, ಅದಕ್ಕೇ ಕೀ ತೆಗೆದೆ, ಎನ್ನುವ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ನಿಜವೇ ಅದು. ನುಂಗಿಕೊಂಡ. ನಕ್ಕವನು ಡಾರಿಲ್, ಜೊತೆಗೂಡಿ ನಕ್ಕವನು ತಾನು.

ಡಾರಿಲ್ ಒಂದು ಸಲ ಇವನನ್ನು, ಒಂದು ಸಲ ಅವಳನ್ನು ನೋಡಿದ. "ಥೂ ನಿನ್ನ. ನನ್ನ ಹನ್ನೊಂದು ಜನರ ಮುಂದೆ ಈ ಹೆಂಗಸಿನ ಹೆಸರು ಕೆಡಿಸಿದ್ಯಲ್ಲೋ. ಬುಶ್ ಬುಶ್ ಅಂದ್ಯಲ್ಲ." ಹೆಸರು ಕೆಡಿಸಿದ್ದರಲ್ಲಿ ತನ್ನ ಪಾಲೆಷ್ಟು ಎಂಬುದು ಅವನಿಗೆ ಹೊಳೆದ ಹಾಗೆ ಕಾಣಲಿಲ್ಲ, ಅಥವಾ ಹೊಳೆದು, ಅದಕ್ಕೇ ಅಷ್ಟು ಜೋರಾಗಿ ಮಾತಾಡಿದನೋ. ಕಪಾಟಿನ ಕಡೆ ಕೈ ತೋರಿಸಿ ಅವಳನ್ನು ಕೇಳಿದ, "ಅದೇ ಅಳತೇದು ಇನ್ನೊಂದು ಪಂಪು ಇದೆಯಾ? ಮಧ್ಯಾಹ್ನ ಮೆಷಿನ್ ಓಡ್ಬೇಕು ನಂಗೆ. ಟೌನ್ಸ್‌ವಿಲ್ಲಿನವನು ಸೋಮವಾರದವರೆಗೆ ಬರಲ್ಲ." ಬಾಗಿಲಲ್ಲಿ ತಿರುಗಿ, "ಪಂಪು ಇಲ್ಲೇ ಬರ್ತವೆ. ನಾನು ಹೇಳ್ತೀನಿ ಅವರಿಗೆ," ಅಂದು ಹೊರಗೆ ಹೋದ.

ಶೆಡ್ಡಿನಲ್ಲಿ ಇಬ್ಬರೇ ಉಳಿದರು. ಅವಳು ಬೈಯಲಿ ಎಂದು ಸಿಲ್ವಾನೊ ಕಾದ. ಒಂದು ಕೆಟ್ಟ ಮಾತಾದರೂ ಆಡಿದರೆ ತನಗೆ ಕೂತುಕೊಳ್ಳಲು ಸಾಧ್ಯವಾಗುತ್ತದೆ ಅನಿಸಿತು. ಅವಳು ಕಿಟಕಿಯ ಬಳಿ ಹೋಗಿ, ಮೊಳೆಗಳ ನಡುವಿನಿಂದ ಅಪ್ಪನ ಮೈಕ್ರೋಮೀಟರ್ ಎತ್ತಿಕೊಂಡು, ಮೇಲಂಗಿಯ ಅಂಚಿನಿಂದ ಒರೆಸಿದಳು. ಒರೆಸಿ ಮುಗಿದ ಮೇಲೂ ಒರೆಸುತ್ತಲೇ ಇದ್ದಳು.

"ಇದನ್ನ ಬಿಸಾಕ್ಬೇಕು ಅಂತಿದ್ದೆ ಅಂಕಲ್," ಅಂದಳು.

ಮಧ್ಯಾಹ್ನ ಗದ್ದೆಯಲ್ಲಿ ಸಿಲ್ವಾನೊನೇ ಪಂಪು ಕೂರಿಸಿದ. ನೆರಿಡಾ ತಾನೂ ಬರುತ್ತೇನೆ ಎಂದು ಅವನ ಗಾಡಿಯಲ್ಲೇ ಬಂದಿದ್ದಳು, ದಾರಿಯಲ್ಲಿ ಕಬ್ಬಿನ ಬೆಲೆಯ ಬಗ್ಗೆ, ಒರ್ನೆಲ್ಲಾಳ ಮಂಡಿ ನೋವಿನ ಬಗ್ಗೆ ಮಾತಾಡಿದ್ದಳು. ಟ್ರ್ಯಾಕ್ಟರಿನ ಚಾಲಕರು ಅದೇ ನೆರಳಿನಲ್ಲಿ ಕೂತಿದ್ದರು. ಅವರಿಗೆ ಸುದ್ದಿ ತಲುಪಿತ್ತು. ಕೀಲಿಯನ್ನು ವಾಲ್ವಿನ ಹಿಡಿಗೆ ನೇತುಹಾಕಿದಾಗ ಯಾರೂ ನಗಲಿಲ್ಲ, ಅದು ನಗುವುದಕ್ಕಿಂತ ಕಷ್ಟವಾಗಿತ್ತು. ಬೋಲ್ಟುಗಳನ್ನು ಬಿಗಿದ. ಪೈಪು ಸಿಕ್ಕಿಸಿದ. ಒಂದು ಲೋಟ ಎಣ್ಣೆ ಹುಯ್ದ. ಆಮೇಲೆ ಯಂತ್ರದ ಹಿಂದೆ ಸುತ್ತಿ ಹೋಗಿ, ಬಗ್ಗಿ, ಹಿಡಿಯನ್ನು ಪೂರ್ತಿ ತಿರುಗಿಸಿ ವಾಲ್ವ್ ತೆರೆದ, ಪೈಪಿನೊಳಗೆ ಎಣ್ಣೆ ಇಳಿಯುವುದನ್ನು ಅಂಗೈಯಲ್ಲಿ ಮುಟ್ಟಿ ನೋಡಿದ, ಕೀಲಿ ತೆಗೆದುಕೊಂಡ. ಕ್ಯಾಬಿನ್ನಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಾಗ ಅವಳು ಹತ್ತಿರ ಬಂದಳು.

"ಅಂಕಲ್," ಅಂದಳು ಮೆಲ್ಲಗೆ, ಬೇರೆಯವರಿಗೆ ಕೇಳದ ಹಾಗೆ. "ವಾಲ್ ತೆಗ್ದಿದೀರಾ?"

ಮೂವತ್ತನಾಲ್ಕು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಅವನು ಅಂಗೈ ಬಿಚ್ಚಿ ಕೀಲಿಯನ್ನು ತೋರಿಸಿದ.

ಅವಳು ಕೀಲಿಯನ್ನು ನೋಡಿದಳು, ತಲೆಯಾಡಿಸಿದಳು. ಆಮೇಲೆ ಯಂತ್ರದ ಹಿಂದೆ ಸುತ್ತಿ ಹೋದಳು, ವಾಲ್ವಿನ ಬಳಿ ಬಗ್ಗಿದ್ದು ಅವನಿಗೆ ಚಕ್ರದ ಸಂದಿಯಿಂದ ಕಂಡಿತು. ಅವಳು ನೋಡಿ ವಾಪಸ್ಸು ಬರುವವರೆಗೂ ಸಿಲ್ವಾನೊ ಮೆಟ್ಟಿಲ ಮೇಲೆ ಒಂದು ಕಾಲಿಟ್ಟುಕೊಂಡು, ಕೀಲಿ ಹಿಡಿದುಕೊಂಡು ನಿಂತೇ ಇದ್ದ.